‘ಸಾಧು’ ಎಂದು ಬರೆದವರು ಸಹಿ ಹಾಕಲಿ

“ಬಿಳಿ ಬಣ್ಣ, ಎಂಟು ವರ್ಷ, ಬೀಜ ತೆಗೆಸಿದ ಗಂಡು. ಸವಾರಿ, ಮದುವೆ, ಬಗ್ಗಿ, ಶೂಟಿಂಗು ಎಲ್ಲಕ್ಕೂ ನಡೆಯುತ್ತದೆ. ಬಹಳ ಸಾಧು, ಚಿಕ್ಕ ಮಕ್ಕಳೂ ಹತ್ತಬಹುದು. ತುರ್ತಾಗಿ ಮಾರುವುದಿದೆ.”

ಹಿಂದಿಯಲ್ಲಿದ್ದ ಈ ಜಾಹೀರಾತು ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕಾರು ಗುಂಪು ಸುತ್ತಿ ನನ್ನ ಫೋನಿಗೆ ಬಂತು. ಕಳಿಸಿದವರು ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಶೆಟ್ಟರು. ಮುರ್ಬಾಡ್ ರಸ್ತೆಯಲ್ಲಿ ಒಂದಿಷ್ಟು ಜಾಗ ಮಾಡಿದ್ದಾರೆ, ಮಾವು ನೆಟ್ಟಿದ್ದಾರೆ, ಬೋರ್ ಹೊಡೆಸಿದ್ದಾರೆ. ಈಗ ಶನಿವಾರ ಭಾನುವಾರ ಬರುವ ಮೊಮ್ಮಕ್ಕಳಿಗೆ ಒಂದು ಕುದುರೆ ಆಗಬೇಕಂತೆ. “ಡಾಕ್ಟ್ರೇ, ಸಾಧು ಅಂತ ಬರ್ದಿದ್ದಾರಲ್ಲ ಮಾರಾಯ್ರೆ, ಸಾಕಲ್ವಾ?” ಎಂದು ಕೇಳಿದರು.

ಸಾಕಾಗುವುದಿಲ್ಲ. ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದವಳು ನಾನು. ನನ್ನ ದಿನದ ದುಡಿಮೆ ನಾಯಿ ಬೆಕ್ಕುಗಳದ್ದು. ಆದರೆ ಠಾಣೆ, ಕಲ್ಯಾಣ, ನವಿ ಮುಂಬಯಿ ಕಡೆಯ ತಬೇಲೆಗಳಿಂದಲೂ ಆಗಾಗ ಕರೆ ಬರುತ್ತದೆ. ಹೊಟ್ಟೆನೋವು, ಕುಂಟು, ಪೆಟ್ಟು, ಒಮ್ಮೊಮ್ಮೆ ಇಂಥ ಖರೀದಿ ಪರೀಕ್ಷೆ. ಹಾಗಾಗಿ ಜಾಹೀರಾತನ್ನು ಓದುವುದೂ ನನಗೆ ಕಸುಬಿನ ಒಂದು ಭಾಗವಾಗಿದೆ. ಎಂಟು ವರ್ಷ ಎಂದರೆ ಹಲ್ಲು ನೋಡಿ ಒರೆಗೆ ಹಚ್ಚಬಹುದು. ಬೀಜ ತೆಗೆಸಿದ್ದು ಕಣ್ಣಿಗೇ ಕಾಣುತ್ತದೆ. ಬಿಳಿ ಬಣ್ಣಕ್ಕೂ ಪರೀಕ್ಷೆ ಇದೆ. ‘ಸಾಧು’ ಎಂಬುದಕ್ಕೆ ಮಾತ್ರ ಮಾರುವವನ ಬಾಯಿಮಾತೇ ಆಧಾರ. ಕುದುರೆಯ ಬೆಲೆಯಲ್ಲಿ ದೊಡ್ಡ ಪಾಲು ಹೊತ್ತಿರುವುದೂ ಅದೇ ಗುಣ. ಮಗುವಿನ ಬೆನ್ನುಮೂಳೆ ನಿಂತಿರುವುದೂ ಅದರ ಮೇಲೆಯೇ.

ಕುದುರೆ ಕೊಳ್ಳುವವನ ತಲೆಗೆ ಟೋಪಿ ಬೀಳುವುದು ಈ ಕರಾವಳಿಗೆ ಹೊಸದೇನಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇತ್ತ ಬಂದ ಮಾರ್ಕೊ ಪೋಲೊ ಠಾಣೆಯ ರಾಜನ ಬಗ್ಗೆ ಒಂದು ಚೋದ್ಯದ ಸಂಗತಿ ದಾಖಲಿಸಿದ್ದಾನೆ. ರಾಜನಿಗೂ ಕಡಲ್ಗಳ್ಳರಿಗೂ ಒಪ್ಪಂದವಿತ್ತಂತೆ: ಹಡಗು ದೋಚಿದ್ದರಲ್ಲಿ ಉಳಿದ ಸರಕೆಲ್ಲ ಕಳ್ಳರಿಗೆ, ಕುದುರೆಗಳಷ್ಟೂ ಅರಮನೆಗೆ. ಅರಬ್ಬೀ ಕುದುರೆಗೆ ಅಷ್ಟು ಬರ, ಅಷ್ಟು ಬೆಲೆ. ಇಂದು ಟ್ರಾಫಿಕ್ಕಿಗೆ ಹೆಸರಾದ ಘೋಡ್‌ಬಂದರ್ ರಸ್ತೆಯ ತುದಿಯ ಖಾರಿಯಲ್ಲಿ ಹಿಂದೆ ಕುದುರೆ ಇಳಿಯುತ್ತಿತ್ತು ಎಂದು ಇಲ್ಲಿಯ ಜನ ಹೇಳುತ್ತಾರೆ. ನಮ್ಮವರ ಕಥೆ ಇನ್ನೂ ಸೊಗಸಾಗಿದೆ. ವಿಜಯನಗರದಲ್ಲಿ ಕುದುರೆ ವ್ಯಾಪಾರಕ್ಕೆಂದೇ ಇದ್ದ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್ ಬರೆದಿಟ್ಟಂತೆ, ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆ ತರಿಸುವಾಗ ಬದುಕಿದ್ದಕ್ಕೂ ಸತ್ತದ್ದಕ್ಕೂ ಒಂದೇ ದರ ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು. ಬಾಲ ಕೊಂಡು ದುಡ್ಡು ಕೊಟ್ಟ ದೊರೆ ಪೆದ್ದನೇನಲ್ಲ. ವ್ಯಾಪಾರಿ ಮತ್ತೊಮ್ಮೆ ಬರಬೇಕಿತ್ತು, ಅಷ್ಟೆ. ನಮ್ಮ ಶೆಟ್ಟರಿಗೆ ಅಂಥ ರಾಜಕಾರಣವಿಲ್ಲ. ಅವರಿಗೆ ಬೇಕಾದದ್ದು ಒಂದೇ ಒಂದು ಕುದುರೆ, ತಲೆಯಿಂದ ಬಾಲದವರೆಗೆ.

ಹೇಳದೆ ಕೇಳದೆ ಬೆಳಿಗ್ಗೆ ಆರೂವರೆಗೇ ಹೋದೆವು. ಇದು ಮೊದಲ ನಿಯಮ. ಮಾರುವವನು “ಹನ್ನೊಂದಕ್ಕೆ ಬನ್ನಿ” ಎಂದರೆ ಹನ್ನೊಂದರ ಹೊತ್ತಿಗೆ ಆ ಕುದುರೆ ಒಂದೂವರೆ ಗಂಟೆ ಓಡಿ ದಣಿದಿರುತ್ತದೆ. ದಣಿದ ಕುದುರೆಯಷ್ಟು ಸಾಧುವಾದದ್ದು ಬೇರೆ ಇಲ್ಲ. ಬೆಳಗಿನ ಇನ್ನೊಂದು ಲಾಭವೆಂದರೆ ಕಾಲು. ರಾತ್ರಿಯಿಡೀ ನಿಂತ ಕಾಲಿನ ಕುಂಟು ಮೊದಲ ಹತ್ತು ಹೆಜ್ಜೆಯಲ್ಲಿ ಕಾಣುತ್ತದೆ, ಮೈ ಬಿಸಿಯಾದ ಮೇಲೆ ಅಡಗುತ್ತದೆ. ನೋವಿನ ಪುಡಿ ತಿನ್ನಿಸಿದ್ದರಂತೂ ದಿನವಿಡೀ ಅಡಗಿಯೇ ಇರುತ್ತದೆ.

ತಬೇಲೆ ಕಲ್ಯಾಣದ ಹೊರವಲಯದಲ್ಲಿ, ಒಂದು ಗೋದಾಮಿನ ಹಿಂದೆ. ತಗಡಿನ ಸೂರಿನ ಕೆಳಗೆ ಕೆಲವು ಕುದುರೆ, ಮೂಲೆಯಲ್ಲಿ ಮದುವೆಯ ಜರಿ ಜೀನು, ಬಣ್ಣದ ಗರಿ. ಯಜಮಾನ ಒಳ್ಳೆಯ ಮಾತುಗಾರ. “ಗಾಯ್ ಹೈ ಮೇಡಂ, ಗಾಯ್!” ಎಂದ. ಹಸುವಂತೆ. ನಾನು ಹಸುಗಳಿಂದಲೂ ಒದೆ ತಿಂದವಳು, ಆ ಪ್ರಮಾಣಪತ್ರಕ್ಕೆ ಬೆಲೆ ಕೊಡಲಿಲ್ಲ.

ಬಾಯಿ ನೋಡಿದೆ. ದಾನದ ಆಕಳಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಇಲ್ಲಿ ದಾನ ಯಾರೂ ಮಾಡುತ್ತಿರಲಿಲ್ಲ. ಕುದುರೆಗೆ ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷದ ಸುಮಾರಿಗೆ ಒಂದೊಂದು ಸುತ್ತು ಹಾಲುಹಲ್ಲು ಬಿದ್ದು ಐದಕ್ಕೆ ಬಾಯಿ ತುಂಬುತ್ತದೆ. ಹತ್ತರ ಆಸುಪಾಸಿನಲ್ಲಿ ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಬುಡದಲ್ಲಿ, ಒಸಡಿಗೆ ತಾಗಿ, ಒಂದು ಕಂದು ಗೀರು ಇಣುಕುತ್ತದೆ. ಹದಿನೈದಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಇದು ಅಂದಾಜೇ ಹೊರತು ಜನ್ಮಪತ್ರಿಕೆಯಲ್ಲ. ಆದರೆ ಗೀರು ಅರ್ಧ ಇಳಿದ ಕುದುರೆ ಎಂಟು ವರ್ಷದ್ದಾಗಲು ಯಾವ ಲೆಕ್ಕದಲ್ಲೂ ಸಾಧ್ಯವಿಲ್ಲ. ಬಿಳಿಯೂ ಹುಟ್ಟಿನ ಬಿಳಿಯಲ್ಲ. ಇಲ್ಲಿಯವರು ನುಕ್ರಾ ಎನ್ನುವ, ಗುಲಾಬಿ ಚರ್ಮದ ಕುದುರೆಯೇ ಬೇರೆ. ಇದು ಕಪ್ಪೋ ಕಂದೋ ಆಗಿ ಹುಟ್ಟಿ ವಯಸ್ಸಾದಂತೆ ಬೆಳ್ಳಗಾದ ಜಾತಿ, ಚರ್ಮ ಕಪ್ಪು. ಇಂಥವುಗಳಲ್ಲಿ ವಯಸ್ಸಾದ ಮೇಲೆ ಬಾಲದ ಅಡಿಯಲ್ಲಿ ಕಪ್ಪು ಗಂಟುಗಳಾಗುವುದು ಸಾಮಾನ್ಯ. ಬಾಲ ಎತ್ತಿದೆ, ಮೂರು ಗಂಟು ಇದ್ದವು. ಶೆಟ್ಟರು ಮುಖ ಕಿವುಚಿ ಅತ್ತ ನೋಡಿದರು.

ಇದೆಲ್ಲ ಇದ್ದರೂ ಕುದುರೆ ಕೆಟ್ಟದ್ದಾಗುವುದಿಲ್ಲ. ಮಕ್ಕಳಿಗೆ ಹದಿನೈದರ ಕುದುರೆ ಐದರದ್ದಕ್ಕಿಂತ ಎಷ್ಟೋ ವಾಸಿ, ಲೋಕ ಕಂಡಿರುತ್ತದೆ. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. ವಯಸ್ಸು ನಿಜ ಹೇಳಿದ್ದರೆ ನಾನೇ ಅವರಿಗೆ ಶಿಫಾರಸು ಮಾಡುತ್ತಿದ್ದೆನೇನೋ. ನನ್ನ ತಕರಾರು ಆ ಸಾಧುತನ ಎಲ್ಲಿಂದ ಬಂತು ಎಂಬುದರ ಬಗ್ಗೆ.

ಕುದುರೆ ಸ್ವಭಾವದಿಂದ ಓಡುವ ಪ್ರಾಣಿ. ಹೆದರಿದರೆ ಮೊದಲು ಓಡುತ್ತದೆ, ಆಮೇಲೆ ಯೋಚಿಸುತ್ತದೆ. ಅಂಥದ್ದು ಪಟಾಕಿ, ಡಿಜೆ, ಜನರೇಟರು, ಕುಣಿಯುವ ಇನ್ನೂರು ಜನರ ನಡುವೆ ಕದಲದೆ ನಿಂತಿದೆ ಎಂದರೆ ಕಾರಣ ಬೇಕು. ಒಳ್ಳೆಯ ಕಾರಣ ಒಂದಿದೆ: ಮರಿಯಿಂದಲೇ ಮನುಷ್ಯರ ಕೈಯಲ್ಲಿ ಬೆಳೆದು, ನಿಧಾನವಾಗಿ ಪಳಗಿ, ಹೆದರಬೇಕಿಲ್ಲ ಎಂದು ತಿಳಿದಿರುವುದು. ಕೆಟ್ಟ ಕಾರಣಗಳು ಹಲವು. ಹೊಟ್ಟೆಗಿಲ್ಲದ ಕುದುರೆ ಸುಮ್ಮನಿರುತ್ತದೆ. ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ಒಣ ಮೇವು ಬೇಕಾದದ್ದಕ್ಕೆ ಅರ್ಧ ಹಾಕಿ ನೋಡಿ, ಒಂದು ತಿಂಗಳಲ್ಲಿ ಸಂತನಾಗುತ್ತದೆ. ಗೊರಸು ನೋಯುವ ಕುದುರೆ ಕುಣಿಯುವುದಿಲ್ಲ. ಮಂಪರಿನ ಸೂಜಿ ಚುಚ್ಚಿದ ಕುದುರೆ ಕೆಲವು ಗಂಟೆ ಸಾಕ್ಷಾತ್ ಬುದ್ಧ. ಬೆಳಕಿಗೆ ನಿಲ್ಲಿಸಿ ನೋಡಿ: ಕೆಳತುಟಿ ಜೋತು ಬಿದ್ದಿರುತ್ತದೆ, ರೆಪ್ಪೆ ಅರ್ಧ ಮುಚ್ಚಿರುತ್ತದೆ, ಗಂಡಾದರೆ ಅಂಗ ಇಳಿಬಿದ್ದಿರುತ್ತದೆ. ಇನ್ನು ಎಲ್ಲಕ್ಕಿಂತ ಸಾಮಾನ್ಯವಾದದ್ದು ಮುಳ್ಳಿನ ಕಡಿವಾಣ, ಇಲ್ಲಿನ ಮಾತಿನಲ್ಲಿ ಕಾಂಟಾ ಲಗಾಮು. ತಲೆ ಎತ್ತಿದರೆ ಚುಚ್ಚುತ್ತದೆ, ತಿರುಗಿದರೆ ಚುಚ್ಚುತ್ತದೆ. ಯಾವ ಚಲನೆಗೂ ನೋವೇ ಉತ್ತರವಾದಾಗ ಪ್ರಾಣಿ ಚಲಿಸುವುದನ್ನೇ ಬಿಡುತ್ತದೆ. ನೋಡುವವರ ಕಣ್ಣಿಗೆ ಅದು ಶಾಂತ ಮೂರ್ತಿ. ಒಳಗೆ ಅದು ಸೋತು ಕೈಬಿಟ್ಟಿದೆ. ಹೀಗೆ ಕೈಬಿಟ್ಟ ಕುದುರೆ ಎಲ್ಲಿಯವರೆಗೆ ಸಾಧು ಎಂದು ಯಾರೂ ಹೇಳಲಾರರು. ಹೊಸ ಜಾಗ, ಮೃದು ಲಗಾಮು, ಹೊಟ್ಟೆತುಂಬ ಮೇವು ಸಿಕ್ಕಿ ಎರಡು ತಿಂಗಳಾದ ಮೇಲೆ, ಒಂದು ಭಾನುವಾರ, ಬೆನ್ನ ಮೇಲೆ ಏಳು ವರ್ಷದ ಹುಡುಗ ಕೂತಿರುವಾಗ ಅದಕ್ಕೆ ತನ್ನ ಜೀವ ಮರಳಿ ಬರಬಹುದು.

ನಾವು ನೋಡಿದ ಕುದುರೆಯ ಬಾಯಿಯ ಎರಡೂ ಮೂಲೆಯಲ್ಲಿ ಹಳೆಯ ಗಾಯ ಬಿಳಿಯಾಗಿ ಗಟ್ಟಿಗಟ್ಟಿತ್ತು.

ನಿಜವಾದ ಸಾಧು ಕುದುರೆ ನೋಡಬೇಕೆಂದರೆ ತಬೇಲೆಗೆ ಹೋಗಬೇಡಿ, ದೀಪಾವಳಿ ಕಳೆದ ಮೇಲೆ ಭಿವಂಡಿ, ಮುರ್ಬಾಡ್ ಕಡೆ ಹೊರಡಿ. ಘಟ್ಟದ ಮೇಲಿನಿಂದ ಧನಗರರು ಕುರಿ ಹಿಂಡಿನ ಸಮೇತ ಇಳಿದಿರುತ್ತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ಮಂದೆ ಕೂಡಿಸುತ್ತಾರೆ. ಅವರ ಮನೆ ಸಾಗುವುದು ತಟ್ಟುಗಳ ಬೆನ್ನ ಮೇಲೆ. ಗುಡಾರ, ಪಾತ್ರೆ, ಹಿಟ್ಟಿನ ಚೀಲ, ಅದರ ಮೇಲೆ ಕಾಲು ಕಟ್ಟಿದ ಕೋಳಿ, ಜೋಳಿಗೆಯಲ್ಲಿ ಎರಡು ನಾಯಿಮರಿ, ಎಲ್ಲದರ ಮೇಲೆ ನಿದ್ದೆ ತೂಗುವ ಒಂದು ಮಗು. ಪಕ್ಕದಲ್ಲಿ ಟ್ರಕ್ ಹಾರ್ನ್ ಬಾರಿಸಿದರೆ ತಟ್ಟು ಒಂದು ಕಿವಿ ತಿರುಗಿಸುತ್ತದೆ, ಅಷ್ಟೆ. ಲಗಾಮು ಹಿಡಿದ ಹೆಂಗಸು ತಿರುಗಿಯೂ ನೋಡುವುದಿಲ್ಲ. ಬೀದರ, ಬೆಳಗಾವಿ ಕಡೆಯ ಕುರುಬರ ಅಲೆಮಾರಿ ಸಂಸಾರದಲ್ಲೂ ನಾನು ಇದೇ ದೃಶ್ಯ ಕಂಡಿದ್ದೇನೆ. ಭೀಮಾ ತೀರದ ಈ ಗಟ್ಟಿಮುಟ್ಟು ತಳಿಗೆ ಭೀಮಥಡಿ ಎಂದು ಹೆಸರು. ಮರಾಠರ ದಂಡಿನಲ್ಲಿ ದುಡಿದ ದಖನಿ ಕುದುರೆ ಇದೇ. ಮಾರ್ವಾಡಿ, ಕಾಠಿಯಾವಾಡಿಗಳ ಸಾಲಿಗೆ ಸೇರಿ ಅದಕ್ಕೆ ದೇಶೀ ತಳಿ ಎಂಬ ಸರ್ಕಾರಿ ಮಾನ್ಯತೆ ಸಿಕ್ಕಿದ್ದು ತೀರಾ ಇತ್ತೀಚೆಗೆ. ನೋಡಲು ಗಿಡ್ಡ, ಬಣ್ಣ ಮಾಸಲು. ಮದುವೆಗೆ ಯಾರೂ ಕರೆಯುವುದಿಲ್ಲ. ಹಾಗಾಗಿಯೇ ಉಳಿದುಕೊಂಡಿತೋ ಏನೋ.

‘ಎಲ್ಲಕ್ಕೂ ನಡೆಯುತ್ತದೆ’ ಎಂಬ ಮಾತಿಗೂ ಬರುತ್ತೇನೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಒಂದರವರೆಗೆ ವರನ ದಿಬ್ಬಣ, ರಜೆಯಲ್ಲಿ ಕೆರೆ ದಂಡೆಯ ಮಕ್ಕಳ ಸವಾರಿ, ಯುಗಾದಿಗೆ ಶೋಭಾಯಾತ್ರೆ, ಎಲ್ಲೋ ಒಂದು ಸೀರಿಯಲ್‌ಗೆ ಶಿವಾಜಿ ಮಹಾರಾಜರ ವಾಹನ. ಕುದುರೆಯ ಬಹುಮುಖ ಪ್ರತಿಭೆಯೆಂದು ನಾವು ಓದುವುದು ಬಹಳ ಸಲ ಯಜಮಾನನ ವರ್ಷದ ಕ್ಯಾಲೆಂಡರು. ಅವನನ್ನು ಬೈಯುವುದು ಸುಲಭ. ಆದರೆ ಕುದುರೆ ಸಾಕುವ ಖರ್ಚು ಸೀಸನ್ ನೋಡುವುದಿಲ್ಲ. ಆಷಾಢದಲ್ಲೂ ಅದು ಹುಲ್ಲು, ಹುರುಳಿ, ಹೊಟ್ಟು ತಿನ್ನುತ್ತದೆ, ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ಲೀಟರ್ ನೀರು ಕುಡಿಯುತ್ತದೆ, ಆರು ವಾರಕ್ಕೊಮ್ಮೆ ನಾಲ್‌ಬಂದ್ ಬಂದು ಗೊರಸು ಕೊರೆದು ಲಾಳ ಹೊಡೆಯಬೇಕು. ದೇಶದಲ್ಲಿ ಕುದುರೆ, ತಟ್ಟುಗಳ ಸಂಖ್ಯೆ 2012ರ ಗಣತಿಯಲ್ಲಿ ಸುಮಾರು 6.2 ಲಕ್ಷ ಇದ್ದದ್ದು 2019ಕ್ಕೆ 3.4 ಲಕ್ಷಕ್ಕೆ ಕುಸಿದದ್ದು ಸುಮ್ಮನೆ ಅಲ್ಲ.

ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಕಥೆ ಓದುಗರಿಗೆ ನೆನಪಿರಬಹುದು. 2015ರ ಜೂನ್ 8ರಂದು ಬಾಂಬೆ ಹೈಕೋರ್ಟು ಮೋಜಿನ ಸವಾರಿಗೆ ಓಡುತ್ತಿದ್ದ ಆ ಗಾಡಿಗಳು ಕಾನೂನುಬಾಹಿರ ಎಂದಿತು, ಒಂದು ವರ್ಷದಲ್ಲಿ ನಿಲ್ಲಿಸಲು ಹೇಳಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಭಯ ಓಕ ಮತ್ತು ಎ.ಕೆ. ಮೆನನ್. ಓಕ ಅವರು 1983ರಲ್ಲಿ ವಕೀಲಿ ಆರಂಭಿಸಿದ್ದು ಇದೇ ಠಾಣೆಯ ಜಿಲ್ಲಾ ನ್ಯಾಯಾಲಯದಲ್ಲಿ. ಮುಂದೆ 2019ರಿಂದ 2021ರವರೆಗೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿ ನಮಗೂ ಪರಿಚಿತರಾದರು. ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ದಕ್ಷಿಣ ಮುಂಬಯಿಯ ಬೆಳ್ಳಿ ರಥ ಸುದ್ದಿಯಾಗುತ್ತದೆ. ಶಿಳ್‌ಫಾಟಾದಿಂದ ಟಿಟ್ವಾಲದವರೆಗಿನ ತಗಡಿನ ಸೂರಿನ ಕೆಳಗಿನದ್ದು ಆಗುವುದಿಲ್ಲ. ನಿಷೇಧವೊಂದೇ ಉತ್ತರ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಕಲ್ಯಾಣದಿಂದ ಕರ್ಜತ್ ಲೈನಿನಲ್ಲಿ ನೇರಳ್‌ಗೆ ಇಳಿದು ಮಾಥೇರಾನ್ ಹತ್ತಿ ನೋಡಿ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಗುರುತಿಸಿದ ಆ ಬೆಟ್ಟದಲ್ಲಿ ಖಾಸಗಿ ಕಾರಿಗೆ ಪ್ರವೇಶವಿಲ್ಲ, ದಸ್ತೂರಿ ನಾಕಾದಿಂದ ಆಚೆ ಕುದುರೆಯೂ ಕಾಲೂ ಆಟಿಕೆ ರೈಲೂ, ಈಗೀಗ ಇ-ರಿಕ್ಷಾ. ಅಲ್ಲಿನ ನಾನೂರಕ್ಕೂ ಹೆಚ್ಚು ಸವಾರಿ ಕುದುರೆಗಳಿಗೆ ಲೈಸೆನ್ಸ್ ಇದೆ. ಎಲ್ಲವೂ ಸುಖವಾಗಿವೆ ಎಂದು ಹೇಳಲಾರೆ. ಇದು ಇಂಥ ಕುದುರೆ, ಇಂಥವನದ್ದು ಎಂದು ಲೆಕ್ಕವಿದ್ದರೆ ಬೀಳುವ ಕುದುರೆಗೂ ಬೀಳಿಸಿದ ಕುದುರೆಗೂ ಉತ್ತರ ಹೇಳಲು ಒಬ್ಬ ಯಜಮಾನ ಸಿಗುತ್ತಾನೆ, ಅಷ್ಟು ಸಾಕು. ಓಟದ ಕುದುರೆಗಳಿಗಂತೂ ಹುಟ್ಟಿದ ವರ್ಷದಿಂದಲೇ ವಂಶಾವಳಿ ಪುಸ್ತಕ, ಚರ್ಮದಡಿ ಮೈಕ್ರೋಚಿಪ್, ಪಾಸ್‌ಪೋರ್ಟು. ಮಹಾಲಕ್ಷ್ಮಿಯಲ್ಲಿ ಓಟ ಮುಗಿಸಿ ಸವಾರಿ ಶಾಲೆಗೆ ಬಂದ ಕುದುರೆಯ ಅಜ್ಜಿಯ ಹೆಸರು ಗೊತ್ತಿರುತ್ತದೆ. ಕಲ್ಯಾಣದ ಮದುವೆ ಕುದುರೆಯ ಹಿಂದಿನ ಯಜಮಾನನ ಹೆಸರೂ ಗೊತ್ತಿರುವುದಿಲ್ಲ.

ಕಾಗದವೇ ಇಲ್ಲದ ಈ ವ್ಯಾಪಾರಕ್ಕೆ ಕಾನೂನು ಏನೆನ್ನುತ್ತದೆ? ಇಲ್ಲೊಂದು ವಿಚಿತ್ರವಿದೆ. 1872ರ ಭಾರತೀಯ ಕರಾರು ಕಾಯ್ದೆಯನ್ನು ಬರೆದವರಿಗೆ ಕುದುರೆ ವ್ಯಾಪಾರದ ಮೋಸ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು ಎಂದು ಕಾಣುತ್ತದೆ. ಮೋಸ ಎಂದರೇನು ಎಂದು ಹೇಳುವ 17ನೇ ಸೆಕ್ಷನ್ನಿನಲ್ಲಿ ಕೊಟ್ಟಿರುವ ಉದಾಹರಣೆಗಳು ಶುರುವಾಗುವುದೇ ಕುದುರೆಯಿಂದ. ಒಬ್ಬ ತನ್ನ ಕುದುರೆಗೆ ಐಬಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಮಾರಿದ, ಐಬಿನ ಬಗ್ಗೆ ಬಾಯಿ ಬಿಡಲಿಲ್ಲ. ಇದು ಮೋಸವಲ್ಲ! ಕೊಂಡವಳು ಈಗಷ್ಟೇ ವಯಸ್ಕಳಾದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಮೂರನೆಯದು ನನಗೆ ಬಲು ಇಷ್ಟ. ಕೊಳ್ಳುವವನು “ನೀನು ಅಲ್ಲ ಎನ್ನದಿದ್ದರೆ ಕುದುರೆಗೆ ಐಬಿಲ್ಲ ಎಂದು ತಿಳಿಯುತ್ತೇನೆ” ಎಂದು ಹೇಳುತ್ತಾನೆ, ಮಾರುವವನು ಸುಮ್ಮನಿರುತ್ತಾನೆ. ಆಗ ಆ ಮೌನವೂ ಮಾತೇ ಎನ್ನುತ್ತದೆ ಕಾಯ್ದೆ. ಅದೇ ಕಾಯ್ದೆಯ 150ನೇ ಸೆಕ್ಷನ್ನಿನಲ್ಲಿ ಇನ್ನೊಂದು ಕುದುರೆ ಬರುತ್ತದೆ: ತುಂಟ ಕುದುರೆ ಎಂದು ತಿಳಿದಿದ್ದೂ ಹೇಳದೆ ಎರವಲು ಕೊಟ್ಟರೆ, ಅದು ಓಡಿ ಸವಾರ ಬಿದ್ದು ಪೆಟ್ಟಾದರೆ, ಕೊಟ್ಟವನೇ ಹೊಣೆ.

ಎಂದರೆ ನೂರೈವತ್ತು ವರ್ಷಗಳಿಂದ ಕೊಳ್ಳುವವನ ಕೈಯಲ್ಲಿ ಒಂದು ವಾಕ್ಯದ ಆಯುಧವಿದೆ. ಅದನ್ನು ಬಳಸುವವರಿಲ್ಲ. ಸ್ಕೂಟರ್ ಕೊಳ್ಳುವಾಗ ಆರ್‌ಸಿ ಪುಸ್ತಕ ಕೇಳುವ ನಾವು, ಮಗುವನ್ನು ಹತ್ತಿಸುವ ನಾನೂರು ಕಿಲೋ ಪ್ರಾಣಿಗೆ ಕೈಕುಲುಕಿ, ನೋಟು ಎಣಿಸಿ, ಟೆಂಪೊ ಹತ್ತಿಸುತ್ತೇವೆ.

ಕ್ರೌರ್ಯದ ಕಾನೂನಿನ ಮೇಲೆ ಹೆಚ್ಚು ಭರವಸೆ ಇಡಬೇಡಿ. ಮುಳ್ಳಿನ ಕಡಿವಾಣ 1965ರ ನಿಯಮಗಳಲ್ಲೇ ನಿಷಿದ್ಧ. ತಟ್ಟುವಿನ ಮೇಲೆ 70 ಕಿಲೋಗಿಂತ ಹೆಚ್ಚು ಭಾರ ಹೇರಬಾರದು, ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದರೆ ಹನ್ನೆರಡರಿಂದ ಮೂರರವರೆಗೆ ದುಡಿಸಬಾರದು ಎಂದೆಲ್ಲ ಅಲ್ಲಿ ಬರೆದಿದೆ. ನಮ್ಮ ಕಡೆಯ ಎಷ್ಟು ವರಮಹಾಶಯರು ಜರಿ ಶೇರ್ವಾನಿ, ಪೇಟ, ಖಡ್ಗ ಸಮೇತ 70 ಕಿಲೋದೊಳಗೆ ಬರುತ್ತಾರೋ ನೀವೇ ಹೇಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಡೊಂಬಿವಲಿ ಸ್ಟೇಶನ್ ಹೊರಗೆ ಎರಡು ವಡಾಪಾವ್, ಒಂದು ಕಟಿಂಗ್ ಚಾಯ್.

ಶೆಟ್ಟರ ಪರವಾಗಿ ನಾನೇ ಒಂದು ಹಾಳೆಯಲ್ಲಿ ಹಿಂದಿಯಲ್ಲಿ ಬರೆದೆ: ಈ ಕುದುರೆ ಮಕ್ಕಳ ಸವಾರಿಗೆ ಸುರಕ್ಷಿತ, ಕಚ್ಚಿದ್ದಿಲ್ಲ, ಒದ್ದದ್ದಿಲ್ಲ, ಸವಾರನನ್ನು ಬೀಳಿಸಿದ್ದಿಲ್ಲ, ಇಂದು ಯಾವ ಔಷಧಿಯೂ ಕೊಟ್ಟಿಲ್ಲ. ಸಹಿ ಹಾಕಿ ಎಂದೆ. ಅಷ್ಟು ಹೊತ್ತು ಹಸು ಹಸು ಎನ್ನುತ್ತಿದ್ದ ಯಜಮಾನ ಹಾಳೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ಜಾನ್ವರ್ ಹೈ ಮೇಡಂ. ಜಾನ್ವರ್ ಕಾ ಲಿಖ್ ಕೇ ಕೌನ್ ದೇತಾ ಹೈ?” ಪ್ರಾಣಿಯದ್ದು ಬರೆದುಕೊಡುವವರು ಯಾರು? ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಪ್ರಾಣಿ ಪ್ರಾಣಿಯೇ. ಹಾಗಿದ್ದರೆ ಜಾಹೀರಾತಿನಲ್ಲೂ ಅದನ್ನೇ ಬರೆಯಬಹುದಿತ್ತು. ಶೆಟ್ಟರು ಕುದುರೆ ಕೊಳ್ಳಲಿಲ್ಲ. ಈಗ ಆಡು ಸಾಕುವ ಬಗ್ಗೆ ವಿಚಾರಿಸುತ್ತಿದ್ದಾರೆ.

ಹಾಗಾದರೆ ಕೊಳ್ಳಲೇಬಾರದೇ? ಖಂಡಿತ ಕೊಳ್ಳಿ. ಹೇಳದೆ ಹೋಗಿ, ಬೆಳಿಗ್ಗೆ ಹೋಗಿ. ಕಟ್ಟಿದ ಜಾಗದಿಂದ ನಿಮ್ಮೆದುರೇ ಬಿಚ್ಚಿಸಿ, ನಾಲ್ಕೂ ಕಾಲು ಎತ್ತಿಸಿ, ಜೀನು ನಿಮ್ಮೆದುರೇ ಹಾಕಿಸಿ, ಮೊದಲು ಅವನೇ ಹತ್ತಲಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು, ಆ ಲೆಕ್ಕವನ್ನು ನಿಮ್ಮ ಮೇಲೂ ಹಾಕಿಕೊಳ್ಳಿ. ಮತ್ತೊಂದು ದಿನ ಬೇರೆ ಹೊತ್ತಿಗೆ ಹೋಗಿ ಇದನ್ನೇ ಪುನಃ ಮಾಡಿಸಿ. ಔಷಧಿಯ ಅನುಮಾನವಿದ್ದರೆ ರಕ್ತ ತೆಗೆಸಿಡಿ. ಗ್ಲ್ಯಾಂಡರ್ಸ್ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಮೂಗಿನಲ್ಲಿ ಸುರಿಕೆ, ಚರ್ಮದಲ್ಲಿ ಗಂಟು ತರುವ ಈ ರೋಗ ಮನುಷ್ಯರಿಗೂ ಅಂಟುತ್ತದೆ, ಲಸಿಕೆ ಇಲ್ಲ. ಖಚಿತವಾದರೆ ಕುದುರೆಯನ್ನು ಕೊಲ್ಲುವುದು ಕಾನೂನಿನ ಪ್ರಕಾರ ಕಡ್ಡಾಯ. ಸುಳಿ ನೋಡಿ ಕೊಳ್ಳುವವರು ಇನ್ನೂ ಇದ್ದಾರೆ. ಹಣೆಯ ಸುಳಿ, ಎದೆಯ ಸುಳಿ, ಧನಲಾಭ, ಯಜಮಾನ ನಾಶ. ನೋಡಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ಸುಳಿ ನೋಡಿದ ಮೇಲೆ ಗೊರಸನ್ನೂ ನೋಡಲಿ. ನಮ್ಮಲ್ಲಿ ಅಭಿನವಚಂದ್ರ ಸುಮಾರು ಆರುನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ‘ಅಶ್ವವೈದ್ಯ’ ಬರೆದ. ಕುದುರೆಯನ್ನು ರೋಗಿಯಾಗಿ ನೋಡುವ ಕಣ್ಣು ನಮಗೆ ಹೊಸದಲ್ಲ.

ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿ ಮೂರೂ ಮಹಾನಗರಪಾಲಿಕೆಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಮನೆಯ ನಾಯಿಗೆ ಲೈಸೆನ್ಸ್ ಮಾಡಿಸಿ ಎನ್ನುವ ಪಾಲಿಕೆ ಕುದುರೆಗೂ ಒಂದು ಮೈಕ್ರೋಚಿಪ್, ಒಂದು ಸಂಖ್ಯೆ, ಒಂದು ಪುಸ್ತಕ ಮಾಡಿಸಲಿ. ವಯಸ್ಸು, ಗುರುತು, ವರ್ಷಕ್ಕೊಮ್ಮೆ ಗ್ಲ್ಯಾಂಡರ್ಸ್ ಪರೀಕ್ಷೆ, ಧನುರ್ವಾಯು ಲಸಿಕೆ, ಕೈ ಬದಲಾದರೆ ಎರಡೂ ಕಡೆಯ ಸಹಿ. ಮೂರೂ ಪಾಲಿಕೆಗಳಿಗೆ ಒಂದೇ ದಾಖಲೆ ಇರಬೇಕು. ಕಲ್ಯಾಣದಲ್ಲಿ ಸಿಕ್ಕಿಬಿದ್ದ ಕುದುರೆ ಮರುದಿನ ಐರೋಲಿಯಲ್ಲಿ ಹೊಸ ಹೆಸರಿನಿಂದ ನಿಂತಿರುವುದು ನನಗೆ ಗೊತ್ತಿದೆ. ಸಂಖ್ಯೆಯಿಲ್ಲದ ಕುದುರೆಗೆ ಮೆರವಣಿಗೆಯ ಪರವಾನಗಿ ಇಲ್ಲ ಎಂದು ಪೊಲೀಸರು ಒಂದೇ ಒಂದು ಸಾಲು ಸೇರಿಸಿದರೆ ಅರ್ಧ ಕೆಲಸವಾಯಿತು. ಇದರಿಂದ ತಬೇಲೆಯವನಿಗೆ ನಷ್ಟವೇ? ಕುದುರೆಯನ್ನು ನೆಟ್ಟಗೆ ಸಾಕುವವರು ಇಲ್ಲಿ ಕೆಲವರಿದ್ದಾರೆ, ಅವರ ಕುದುರೆಯ ಬಾಯಲ್ಲಿ ಗಾಯವಿಲ್ಲ. ಅವರ ಕುದುರೆಗೂ ಪಕ್ಕದವನ ಸೋತ ಕುದುರೆಗೂ ಇಂದು ಒಂದೇ ಬೆಲೆ, ಏಕೆಂದರೆ ಇಬ್ಬರ ಜಾಹೀರಾತಿನಲ್ಲೂ ಇರುವುದು ಅದೇ ಮಾತು. ಪುಸ್ತಕ ಬಂದರೆ ಲಾಭ ಮೊದಲು ಅವರಿಗೇ.

ಪಾಲಿಕೆ ಏಳುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದು. ಕೊಳ್ಳುವವರು ಟೋಕನ್ ಕೊಡುವ ಮುನ್ನ ಮಾರುವವನಿಗೆ ಒಂದು ಮೆಸೇಜು ಕಳಿಸಿ: ನೀವು ಅಲ್ಲ ಎನ್ನದಿದ್ದರೆ ಈ ಕುದುರೆಗೆ ಐಬಿಲ್ಲ, ಮಕ್ಕಳಿಗೆ ಸುರಕ್ಷಿತ ಎಂದು ತಿಳಿದು ಕೊಳ್ಳುತ್ತಿದ್ದೇನೆ. ಆ ಮೆಸೇಜನ್ನು ಅಳಿಸಬೇಡಿ. ಮಗನ ಮದುವೆಗೆ ಕುದುರೆ ಗೊತ್ತು ಮಾಡುವವರು ಜೀನಿನ ಜರಿ ನೋಡುವ ಮೊದಲು ಬಾಯಿಯ ಮೂಲೆ ನೋಡಿ, ಗ್ಲ್ಯಾಂಡರ್ಸ್ ಪರೀಕ್ಷೆಯ ಕಾಗದ ಕೇಳಿ. ತೋರಿಸಿದರೆ ಮುಂಗಡ ಕೊಡಿ. ತೋರಿಸದಿದ್ದರೆ ವರ ಕಾರಿನಲ್ಲೇ ಬರಲಿ.